ಎಲ್ಲರೂ ಒಂದೇ ತಪ್ಪು ಬರೆದ ಪ್ರಮೇಯ

ಹೊಸದಾಗಿ ಗಣಿತ ಕಲಿಸುವ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರು ಈಗಲೂ ಒಬ್ಬಿಬ್ಬರು ಮಧುಗಿರಿಯ ನಮ್ಮ ಮನೆಗೆ ಬರುತ್ತಾರೆ. ಕಾಫಿ ಕುಡಿಯುತ್ತಾರೆ, ಬೆಟ್ಟ ಹತ್ತುವುದಕ್ಕೆ ಎಷ್ಟು ಹೊತ್ತು ಬೇಕು ಎಂದು ವಿಚಾರಿಸುತ್ತಾರೆ, ಆಮೇಲೆ ಮೆಲ್ಲಗೆ ವಿಷಯಕ್ಕೆ ಬರುತ್ತಾರೆ. "ಮೇಡಂ, ಬೀಜಗಣಿತ ಹೇಗೋ ಆಗುತ್ತೆ. ಈ ರೇಖಾಗಣಿತದ ಪ್ರಮೇಯ ಮಾತ್ರ ಮಕ್ಕಳ ತಲೆಗೆ ಹೋಗ್ತಾ ಇಲ್ಲ. ಏನು ಮಾಡೋದು?" ನಾನು ಹೇಳುವ ಮೊದಲ ಮಾತು ಒಂದೇ. ತ್ರಿಭುಜದ ನೆತ್ತಿಯ ಮೇಲೆ ಯಾವಾಗಲೂ ಎ ಬರೆಯಬೇಡಿ.

ನಗುತ್ತಾರೆ. ನಗಲಿ ಪಾಪ, ಇನ್ನೂ ಉತ್ತರಪತ್ರಿಕೆ ತಿದ್ದಿಲ್ಲ. ನಾವೆಲ್ಲ ತ್ರಿಭುಜ ಎಳೆದ ಕೂಡಲೆ ಮೇಲೆ ಎ, ಎಡಕ್ಕೆ ಬಿ, ಬಲಕ್ಕೆ ಸಿ ಎಂದು ಬರೆದುಬಿಡುತ್ತೇವೆ. ವರ್ಷಗಟ್ಟಲೆ ಅದನ್ನೇ ನೋಡಿದ ಮಕ್ಕಳು ಎ ಎಂದರೆ ತ್ರಿಭುಜದ ತಲೆ ಎಂದೇ ನಂಬಿಬಿಡುತ್ತಾರೆ. ಒಂದು ವರ್ಷ ಪ್ರಶ್ನೆಪತ್ರಿಕೆಯಲ್ಲಿ ಪಿ ಕ್ಯೂ ಆರ್ ಎಂದು ಕೊಟ್ಟಿದ್ದರು. ಪೈಥಾಗೊರಸ್ ಪ್ರಮೇಯವನ್ನು ನಿದ್ದೆಗಣ್ಣಲ್ಲೂ ಬರೆಯಬಲ್ಲ ಹುಡುಗನೊಬ್ಬ ಮುಖ ಒರೆಸಿಕೊಳ್ಳುತ್ತ ಆಚೆ ಬಂದ. "ಪ್ರಮೇಯ ಬತ್ತಿತ್ತು ಮೇಡಂ. ಅವ್ರು ಬ್ಯಾರೆ ತ್ರಿಭುಜ ಕೊಟ್ಬುಟ್ಟವ್ರೆ" ಎಂದ. ಇನ್ನೊಬ್ಬಳು ಜಾಣೆ. "ಈ ತ್ರಿಭುಜದ ನಿಜವಾದ ಹೆಸರು ಎ ಬಿ ಸಿ" ಎಂದು ಮೊದಲ ಸಾಲಿನಲ್ಲೇ ಬರೆದು, ಬಾಯಿಪಾಠವನ್ನು ಇಳಿಸಿ, ನಿಶ್ಚಿಂತೆಯಿಂದ ಮನೆಗೆ ಹೋಗಿದ್ದಳು.

ತರಬೇತಿಯಲ್ಲಿ ನಿಮಗೆ ಹೇಳುವುದು ಬೇರೆ, ನಿಜವಾಗಿ ನಡೆಯುವುದು ಬೇರೆ. ಪ್ರಮೇಯ ಎಂದರೆ ಸಾಧಿಸಿ ತೋರಿಸಬೇಕಾದ ಮಾತು. ಚಿತ್ರ ಬರೆಯಬೇಕು. ಗೊತ್ತಿರುವುದೇನು ಎಂದು ಹೇಳುವುದು ದತ್ತ. ತೋರಿಸಬೇಕಾದ್ದೇನು ಎಂಬುದು ಸಾಧನೀಯ. ಬೇಕಾದರೆ ಒಂದೆರಡು ಗೆರೆ ಹೆಚ್ಚಿಗೆ ಎಳೆದುಕೊಂಡರೆ ರಚನೆ. ಆಮೇಲೆ ಸಾಧನೆ, ಪ್ರತಿ ಸಾಲಿಗೂ ಪಕ್ಕದಲ್ಲಿ ಕಾರಣ. ಕೇಳುವುದಕ್ಕೆ ಎಷ್ಟು ಚೆನ್ನಾಗಿದೆ! ಆದರೆ ಚಿತ್ರಕ್ಕೂ ದತ್ತಕ್ಕೂ ಅಂಕ ಸಿಗುತ್ತದೆ ಎಂದು ಒಮ್ಮೆ ಗೊತ್ತಾದರೆ ಅರ್ಧ ತರಗತಿ ಅಲ್ಲಿಗೇ ಬಸ್ ಇಳಿದುಬಿಡುತ್ತದೆ. ಉಳಿದ ಅರ್ಧ, ಕಾರಣಗಳನ್ನೂ ಮಗ್ಗಿಯ ಹಾಗೆ ಉರು ಹೊಡೆಯುತ್ತದೆ. ಅವರ ನಡುವೆ ಎಲ್ಲೋ ಒಬ್ಬಳು, ಒಬ್ಬ, ನಿಜವಾಗಿ ಕಾರಣ ಹುಡುಕುತ್ತಾರೆ. ಆ ಒಬ್ಬರಿಗಾಗಿ ನೀವು ಸೀಮೆಸುಣ್ಣದ ಪುಡಿ ಕುಡಿಯಬೇಕು.

ನನ್ನ ಮೊದಲ ನೇಮಕ ಪಾವಗಡ ತಾಲ್ಲೂಕಿನ ಗಡಿಯ ಹಳ್ಳಿಗೆ. ಪುಸ್ತಕ ಕನ್ನಡ, ಮನೆಮಾತು ತೆಲುಗು, ಮಕ್ಕಳ ಬಾಯಲ್ಲಿ ಎರಡೂ ಸೇರಿದ ಒಗ್ಗರಣೆ. ನಾನು ಇಸ್ತ್ರಿ ಮಾಡಿದ ಸೀರೆ ಉಟ್ಟು, ಎರಡು ಗೆರೆ ಅಡ್ಡ ಹಾಯುವಂತೆ ಎಳೆದು, ಎದುರುಬದುರಿನ ಕೋನಗಳು ಸಮ ಎಂದು ಸಾಧಿಸಲು ಹೊರಟೆ. ಹಿಂದಿನ ಬೆಂಚಿನಲ್ಲಿ ಓಬಳೇಶ ಎಂಬ ಹುಡುಗ ಎದ್ದು ನಿಂತ.

"ಕನಪಡ್ತಾ ಉಂದಿ ಕದಾ ಮೇಡಂ! ಇಂಕಾ ಎಂದುಕು ಪ್ರೂಫು?"

ಕಣ್ಣಿಗೇ ಕಾಣುತ್ತಿದೆಯಲ್ಲ, ಇನ್ನು ಸಾಧನೆ ಯಾಕೆ ಎಂದು ಅವನ ತಕರಾರು. ನ್ಯಾಯವಾದ ತಕರಾರೇ. ಬಿ.ಎಡ್. ಪುಸ್ತಕದಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ನಾನು ಬೋರ್ಡಿನ ಮೇಲೆ ಒಂದರ ಕೆಳಗೊಂದು ಎರಡು ಸಮ ಗೆರೆ ಎಳೆದೆ. ಮೇಲಿನದರ ತುದಿಗಳಿಗೆ ಒಳಗೆ ಬಾಗಿದ ಬಾಣದ ರೆಕ್ಕೆ, ಕೆಳಗಿನದಕ್ಕೆ ಹೊರಗೆ ಚಾಚಿದ ರೆಕ್ಕೆ ಹಾಕಿದೆ. ಯಾವುದು ಉದ್ದ ಎಂದು ಕೇಳಿದೆ. ಇಡೀ ತರಗತಿ ಒಕ್ಕೊರಲಿನಲ್ಲಿ ಕೆಳಗಿನದು ಎಂದಿತು. ಓಬಳೇಶನನ್ನೇ ಕರೆದು ಅಳೆಸಿದೆ. ಎರಡೂ ಒಂದೇ ಬಂತು. ಅವನಿಗೆ ಸಮಾಧಾನವಿಲ್ಲ. ಸ್ಕೇಲು ಸರಿಯಿಲ್ಲ ಎಂದ. ಗೇಣು ಹಾಕಿ ಅಳೆದ, ಬೆರಳು ಇಟ್ಟು ಅಳೆದ. ಕೊನೆಗೆ ತಲೆ ಕೆರೆದುಕೊಂಡು, "ಕನ್ನು ಮೋಸಂ ಚೇಸ್ತಾದಿ ಮೇಡಂ" ಎಂದು ಕೂತ.

ಕಣ್ಣು ಮೋಸ ಮಾಡುತ್ತದೆ ಎಂದು ತಿಳಿದದ್ದೇ ತಡ, ಅವನನ್ನು ಹಿಡಿಯುವವರು ಇಲ್ಲದಂತಾಯಿತು. ಯಾವ ಪಾಠದಲ್ಲಿ ಯಾರು ಏನು ಹೇಳಿದರೂ "ಪ್ರೂಫ್ ಏದಿ?" ಎಂದು ಪುರಾವೆ ಕೇಳುತ್ತಿದ್ದ. ನಾನು ಹಾಜರಿ ಕೂಗಿ, ಯಾರೋ ಗೈರು ಎಂದು ಗುರುತು ಹಾಕಿದರೆ ಅದಕ್ಕೂ ಪ್ರೂಫ್ ಬೇಕು. ಇತಿಹಾಸದ ಮೇಷ್ಟ್ರು ನನ್ನ ಬಳಿ ಬಂದು ಕೈಮುಗಿದು, "ಅವನಿಗೆ ಅದೇನು ಹೇಳಿಕೊಟ್ಟಿದ್ದೀರೋ ವಾಪಸ್ ತಗೊಳ್ಳಿ ತಾಯಿ" ಎಂದರು. ಸಾಧನೆ ಕಲಿಸುವುದೆಂದರೆ ಇದೇ ಅಪಾಯ. ಕಾರಣ ಕೇಳುವುದನ್ನು ಕಲಿತ ಮಗು ಮೊದಲು ಕೇಳುವುದು ನಿಮ್ಮನ್ನೇ.

ಅಲ್ಲಿಂದ ಕೊರಟಗೆರೆ ತಾಲ್ಲೂಕು, ಕೊಳಾಲದ ಕಡೆಯ ಒಂದು ಶಾಲೆ. ನನ್ನ ವೃತ್ತಿಯ ದೊಡ್ಡ ಎಡವಟ್ಟು ನಡೆದದ್ದು ಅಲ್ಲಿ. ತ್ರಿಭುಜದ ಬಾಹುಗಳು ಮೂರು, ನಾಲ್ಕು, ಐದರ ಅಳತೆಯಲ್ಲಿದ್ದರೆ ಒಂದು ಕೋನ ಲಂಬಕೋನ ಆಗಲೇಬೇಕು. ಪೈಥಾಗೊರಸ್ ಪ್ರಮೇಯವನ್ನು ತಿರುವಿ ಹಾಕಿದರೆ ಸಿಗುವ ಮಾತು ಇದು. ಪುಸ್ತಕದಲ್ಲಿ ಒಣಗಿಹೋದ ಈ ಮಾತಿಗೆ ಜೀವ ಬರಿಸೋಣ ಎಂದು ಹುಡುಗರಿಂದ ಹಗ್ಗ ತರಿಸಿ, ಸಮ ಅಂತರಕ್ಕೆ ಗಂಟು ಹಾಕಿಸಿ, "ಹೋಗಿ, ಶಾಲೆಯಲ್ಲಿ ಎಲ್ಲೆಲ್ಲಿ ಲಂಬಕೋನ ಇದೆ ಪರೀಕ್ಷೆ ಮಾಡಿ" ಎಂದು ಬಿಟ್ಟೆ. ಅವರು ನೇರವಾಗಿ ಹೋದದ್ದು ಹೊಸದಾಗಿ ಕಟ್ಟಿದ ಕೋಣೆಗೆ. ಅದರ ಮೂಲೆಗೆ ಹಗ್ಗ ಹಿಡಿದರೆ ಗಂಟು ಗಂಟಿಗೆ ಸೇರುತ್ತಲೇ ಇಲ್ಲ.

"ಮೇಡಂ, ಪ್ರಮೇಯ ತಪ್ಪಾ, ಗ್ವಾಡೆ ತಪ್ಪಾ?" ಎಂದು ಕಿಟಕಿಯಿಂದಲೇ ಕೂಗಿದರು.

"ಪ್ರಮೇಯ ಯಾವತ್ತೂ ತಪ್ಪಲ್ಲ" ಎಂದು ನಾನೂ ಅಷ್ಟೇ ಜೋರಾಗಿ ಕೂಗಿದೆ.

ಕೋಣೆಯ ಉದ್ಘಾಟನೆ ಅವತ್ತೇ ಎಂಬುದು ನನ್ನ ತಲೆಯಲ್ಲಿ ಇರಲಿಲ್ಲ. ಶಾಮಿಯಾನದ ಕೆಳಗೆ ಹಾರ ಹಾಕಿಸಿಕೊಳ್ಳಲು ಕೂತಿದ್ದ ಕಂಟ್ರಾಕ್ಟರು ಎದ್ದು ಬಂದರು. "ಏನ್ ಮೇಡಮ್ಮೋರೆ, ಸಂದಾಗಿ ಪಾಠ ಮಾಡದ್ ಬುಟ್ಟು ನನ್ ಗ್ವಾಡೆ ಅಳೆಸ್ತಿದೀರಾ?" ಎಂದರು. ನಾನು ಪೈಥಾಗೊರಸ್ ವಿವರಿಸಲು ಹೋದೆ. "ಅವನ್ಯಾವ ಇಂಜಿನಿಯರ್ರು? ಕರ್ಸಿ ಅವನ್ನ" ಎಂದರು. ನಮ್ಮ ಹೆಡ್‌ಮಾಸ್ಟರು ನನ್ನನ್ನು ಪಕ್ಕಕ್ಕೆ ಕರೆದು, "ಮೇಡಂ, ಪುಸ್ತಕದ ಪ್ರಮೇಯ ಪುಸ್ತಕದಲ್ಲೇ ಇರಲಿ, ಗೋಡೆಯ ತನಕ ತರಬೇಡಿ" ಎಂದು ಬುದ್ಧಿ ಹೇಳಿದರು. ಆ ಮೂಲೆಗೆ ಬೀರು ತಂದಿಟ್ಟಾಗ ಹಿಂದುಗಡೆ ಬೆಕ್ಕು ಮಲಗುವಷ್ಟು ಸಂದು ಉಳಿಯಿತು. ಬೆಕ್ಕು ಮಲಗಿತು ಕೂಡ. ನಾನು ಹೋಗುತ್ತಾ ಬರುತ್ತಾ ಅದನ್ನು ನೋಡಿ ಖುಷಿಪಡುತ್ತಿದ್ದೆ.

ಮೇಲಧಿಕಾರಿಗಳ ಬಗ್ಗೆ ಕೇಳುತ್ತೀರಿ. ನಾನು ಕಂಡವರಲ್ಲಿ ಕೆಟ್ಟವರು ಕಡಿಮೆ, ಅವಸರದವರು ಬಹಳ. ಒಬ್ಬರಿಗೆ ದತ್ತದ ಕೆಳಗೆ ಕೆಂಪು ಗೆರೆ ಬೇಕು. ಅವರು ವರ್ಗವಾದ ಮೇಲೆ ಬಂದ ಇನ್ನೊಬ್ಬರಿಗೆ ಹಸಿರು ಗೆರೆಯೇ ಬೇಕು. ತ್ರಿಭುಜ ಅದೇ ಇತ್ತು, ಗೆರೆಯ ಬಣ್ಣ ಬದಲಾಗುತ್ತಿತ್ತು. ವಿಧಾನಗಳೂ ಬದಲಾದವು. ಮೊದಲು ಮರದ ದೊಡ್ಡ ಕೈವಾರ, ಅದರ ಕಾಲು ಜಾರಿ ವೃತ್ತಗಳೆಲ್ಲ ಮೊಟ್ಟೆಯಾಗುತ್ತಿದ್ದವು. ಆಮೇಲೆ ರಟ್ಟು, ದಾರ, ಗುಂಡುಸೂಜಿಯ ಮಾದರಿಗಳು. ಕೊನೆಗೆ ಸ್ಮಾರ್ಟ್ ಬೋರ್ಡ್ ಬಂತು. ಬೆರಳಿನಲ್ಲಿ ತ್ರಿಭುಜದ ತುದಿ ಹಿಡಿದು ಎಳೆದರೆ ಕೋನಗಳೆಲ್ಲ ಬದಲಾಗುತ್ತವೆ, ಮೊತ್ತ ಮಾತ್ರ ನೂರೆಂಬತ್ತು ಬಿಟ್ಟು ಅಲ್ಲಾಡುವುದಿಲ್ಲ. ನಿವೃತ್ತಿಯ ಅಂಚಿನಲ್ಲಿ ಅದನ್ನು ಮೊದಲ ಸಲ ಮುಟ್ಟಿದಾಗ ಮಕ್ಕಳಿಗಿಂತ ಹೆಚ್ಚು ಕುಣಿದವಳು ನಾನೇ. ಆದರೆ ಯಂತ್ರ ಅಳೆದು ತೋರಿಸಿತು ಎಂದರೆ ಸಾಧಿಸಿದಂತಲ್ಲ. ಅದನ್ನು ಮಕ್ಕಳಿಗೆ ಹೇಳುವುದು ನಿಮ್ಮ ಕೆಲಸ, ಬೋರ್ಡಿನದಲ್ಲ.

ಬಾಯಿಪಾಠದ ಬಗ್ಗೆ ನಾನು ಒಂದು ಕಾಲದಲ್ಲಿ ಬೆಂಕಿ ಕಾರುತ್ತಿದ್ದೆ. ಈಗ ಅಷ್ಟು ಕಾರುವುದಿಲ್ಲ. ಯಾಕೆ ಎಂದು ಹೇಳಬೇಕಾದರೆ ಶಿರಾ ತಾಲ್ಲೂಕಿನಲ್ಲಿ ನಡೆದ ಒಂದು ಸಂಗತಿ ಹೇಳಬೇಕು. ಊರಿನ ಹೆಸರು ಬೇಡ, ಹುಲಿಕುಂಟೆ ದಾಟಿ ಇನ್ನೂ ಒಳಗೆ ಎಂದು ಇಟ್ಟುಕೊಳ್ಳಿ. ಸುತ್ತ ಕುರಿ ಸಾಕುವವರ ಹಟ್ಟಿಗಳು. ಮಕ್ಕಳು ಬೆಳಿಗ್ಗೆ ಕುರಿಗಳನ್ನು ರೊಪ್ಪದ ಬೇಲಿ ತೆರೆದು ಹೊರಗೆ ಬಿಟ್ಟು, ಆ ಕೈಯಲ್ಲೇ ಪುಸ್ತಕ ಹಿಡಿದು ಬರುತ್ತಿದ್ದರು.

ದಸರಾ ರಜೆ ಮುಗಿದ ಮೇಲೆ ನಾನು ಅಲ್ಲಿಗೆ ವರ್ಗವಾಗಿ ಹೋದೆ. ಗಣಿತದ ಹುದ್ದೆ ಬಹಳ ಕಾಲ ಖಾಲಿ ಬಿದ್ದಿತ್ತು. ಮುಖ್ಯೋಪಾಧ್ಯಾಯರು ರಂಗಪ್ಪ ಸಾರ್ ಸಮಾಜ ವಿಜ್ಞಾನದವರು. ಹತ್ತನೇ ತರಗತಿ ಗಣಿತವಿಲ್ಲದೆ ಕೂತಿರುವುದನ್ನು ನೋಡಲಾರದೆ, ತಾವೇ ಒಂದು ಗೈಡ್ ತರಿಸಿಕೊಂಡು, ಪ್ರಮೇಯಗಳನ್ನು ಮೊದಲು ತಾವು ಉರು ಹೊಡೆದು, ಆಮೇಲೆ ಮಕ್ಕಳಿಗೆ ಹೊಡೆಸುತ್ತಿದ್ದರು. ಬೆಳಗಿನ ವಿಶೇಷ ತರಗತಿ ಹೊಂಗೆಮರದ ಕೆಳಗೆ. ದೊಡ್ಡಾಟದಲ್ಲಿ ಪಾತ್ರ ಮಾಡಿದ ಕಂಠ ಅವರದು. ಪ್ರಮೇಯಕ್ಕೂ ಒಂದು ಧಾಟಿ ಹಚ್ಚಿಬಿಟ್ಟಿದ್ದರು. ದೂರದಿಂದ ಕೇಳಿದರೆ ಭಜನೆ ನಡೆಯುತ್ತಿದೆ ಅನ್ನಿಸುತ್ತಿತ್ತು.

ನಾನು ಸೇರಿದ ದಿನವೇ ಅವರು ಎಚ್ಚರಿಕೆ ಕೊಟ್ಟರು. "ಥೇಲ್ಸನ ಪ್ರಮೇಯ ಆಗೋಗದೆ ಕಣಮ್ಮ. ಅದನ್ನ ಮಾತ್ರ ಮುಟ್ಟಬೇಡಿ. ಹೆಪ್ಪು ಹಾಕಿರೋ ಹಾಲು ಅದು, ಅಲ್ಲಾಡ್ಸಿದ್ರೆ ಕೆಡ್ತದೆ."

ಮಿಕ್ಕ ಪಾಠವೇ ರಾಶಿ ಬಿದ್ದಿತ್ತು. ನಾನು ಮುಟ್ಟಲಿಲ್ಲ. ಹೊಸ ಪಾಠಗಳನ್ನು ನನ್ನ ರೀತಿಯಲ್ಲಿ ಶುರು ಮಾಡಿದೆ. ಒಂದು ದಿನ, ತ್ರಿಭುಜದಲ್ಲಿ ಎರಡು ಲಂಬಕೋನ ಇರಲಾರವು ಎಂದು ತೋರಿಸುತ್ತಿದ್ದೆ. "ಎರಡು ಇವೆ ಎಂದುಕೊಳ್ಳೋಣ" ಎಂದು ಬೋರ್ಡಿನಲ್ಲಿ ಬರೆದೆ. ತೊಂಬತ್ತು, ತೊಂಬತ್ತು, ಅಲ್ಲಿಗೇ ನೂರೆಂಬತ್ತು ಆಗಿಹೋಯಿತು. ಮೂರನೆಯ ಕೋನಕ್ಕೆ ಏನೂ ಉಳಿಯಲಿಲ್ಲ. ಮೂರು ಕೋನ ಇಲ್ಲದ್ದು ತ್ರಿಭುಜವೇ ಅಲ್ಲ. ಹಾಗಾಗಿ ನಾವು ಅಂದುಕೊಂಡದ್ದೇ ಸುಳ್ಳು. ನಾನು ಸೀಮೆಸುಣ್ಣ ಕೆಳಗಿಡುವಷ್ಟರಲ್ಲಿ ಕರಿಯಮ್ಮ ಎಂಬ ಹುಡುಗಿ ಎದ್ದಳು. ಹಟ್ಟಿಯ ಹುಡುಗಿ, ಅಂಕಗಳಲ್ಲಿ ಮೇಲೂ ಅಲ್ಲ, ಕೆಳಗೂ ಅಲ್ಲ. ಮಾತಿನಲ್ಲಿ ಮಾತ್ರ ಎಲ್ಲರಿಗಿಂತ ಮುಂದೆ.

"ಇಲ್ಲ ಅಂತ ನಿಮ್ಗೇ ಗೊತ್ತದೆ ಮೇಡಂ. ಗೊತ್ತಿದ್ದೂ ಅದೆ ಅಂತ ಅಂದ್ಕಳದು ಸುಳ್ಳೇಳ್ದಂಗಲ್ವಾ?"

"ನಿಮ್ಮ ಹಟ್ಟಿಯಲ್ಲಿ ಯಾರದೋ ಕುರಿ ಯಾರದೋ ರಾಗಿ ಮೇದರೆ ನ್ಯಾಯ ಹೇಗೆ ಮಾಡ್ತಾರೆ?" ಎಂದು ಕೇಳಿದೆ.

"ನಮ್ ತಾತ್ನೇ ಮಾಡದು. ನನ್ ಕುರಿ ರೊಪ್ಪ ಬುಟ್ಟು ಆಚ್ಗೇ ಬಂದಿಲ್ಲ ಅಂತಾನೆ ಕುರಿಯೋನು. ಆಯ್ತು ಕಣಪ್ಪ, ಬಂದಿಲ್ಲ ಅಂತ್ಲೇ ಮಡಿಕಳಾಣ, ಅಂಗಾದ್ರೆ ಒಲದ ತುಂಬ ಪಿಕ್ಕೆ ಹಾಕಿದ್ಯಾರು, ನೀನಾ? ಅಂತಾನೆ ನಮ್ ತಾತ."

ತರಗತಿ ಗೊಳ್ಳೆಂದಿತು. ಕರಿಯಮ್ಮ ನಗಲಿಲ್ಲ. ಬೋರ್ಡು ನೋಡಿದಳು, ಮತ್ತೆ ನನ್ನನ್ನು ನೋಡಿದಳು. "ಓ, ಇದು ಅದೇಯ" ಎಂದು ಕೂತಳು.

ಆಮೇಲೆ ಬಂತು ತಾಲ್ಲೂಕಿನ ಎಲ್ಲ ಶಾಲೆಗಳಿಗೂ ಒಟ್ಟಿಗೆ ನಡೆಸುವ ಪೂರ್ವಸಿದ್ಧತಾ ಪರೀಕ್ಷೆ. ಉತ್ತರಪತ್ರಿಕೆಗಳು ಬೇರೆ ಶಾಲೆಗೆ ಹೋಗಿ ಅಲ್ಲಿನವರು ತಿದ್ದುತ್ತಾರೆ. ಪರೀಕ್ಷೆಯ ಹೊತ್ತಿಗೆ ಕರಿಯಮ್ಮನಿಗೆ ಮೈಮೇಲೆಲ್ಲ ಸೀತಾಳೆ ಸಿಡುಬು ಎದ್ದಿತ್ತು. ಹಳ್ಳಿಯಲ್ಲಿ ಇದನ್ನು ಅಮ್ಮ ಆಗಿದೆ ಎನ್ನುತ್ತಾರೆ, ರೋಗ ಎನ್ನುವುದಿಲ್ಲ. ಬೇವಿನ ಸೊಪ್ಪು ಹಿಡಿದುಕೊಂಡೇ ಬಂದಳು, ಬರೆದೇ ಬರೆಯುತ್ತೇನೆ ಎಂದಳು. ಬೇರೆ ಮಕ್ಕಳಿಗೆ ಹರಡಬಾರದಲ್ಲ, ಆಟದ ಸಾಮಾನಿನ ಕೋಣೆಯಲ್ಲಿ ಚೆಂಡು, ನೆಟ್ಟುಗಳ ಮಧ್ಯೆ ಒಂದು ಬೆಂಚು ಹಾಕಿ ಕೂರಿಸಿದೆವು. ಕನ್ನಡ ಮೇಷ್ಟ್ರು ಕಿಟಕಿಯ ಆಚೆ ನಿಂತು ಕಾದರು.

ಪ್ರಶ್ನೆಪತ್ರಿಕೆಯಲ್ಲಿ ಥೇಲ್ಸನ ಪ್ರಮೇಯವೇ ಬಂದಿತ್ತು. ರಂಗಪ್ಪ ಸಾರ್ ಮೀಸೆ ತಿರುವಿದರು. ಒಂದು ವಾರ ಕಳೆಯುವುದರೊಳಗೆ ಸುದ್ದಿ ಬಂತು. ನಮ್ಮ ಶಾಲೆಯಲ್ಲಿ ಸಾಮೂಹಿಕ ನಕಲು ನಡೆದಿದೆ ಎಂದು ತಿದ್ದಿದವರು ದೂರು ಬರೆದಿದ್ದರು. ಒಬ್ಬ ಅಧಿಕಾರಿ ವಿಚಾರಣೆಗೆ ಬರುತ್ತಿದ್ದಾರೆ.

ಆದದ್ದು ಇಷ್ಟು. ತ್ರಿಭುಜದ ಒಂದು ಬಾಹುವಿಗೆ ಸಮಾಂತರವಾಗಿ ಗೆರೆ ಎಳೆದರೆ ಅದು ಉಳಿದ ಎರಡು ಬಾಹುಗಳನ್ನು ಒಂದೇ ಅನುಪಾತದಲ್ಲಿ ಭಾಗ ಮಾಡುತ್ತದೆ ಎಂಬುದು ಪ್ರಮೇಯ. ಸಾಧನೆಯ ಮಧ್ಯದಲ್ಲಿ ಎರಡು ಚಿಕ್ಕ ತ್ರಿಭುಜ ಬರುತ್ತವೆ. ಅವುಗಳ ವಿಸ್ತೀರ್ಣ ಸಮ ಎಂದು ಬರೆಯಬೇಕು. ನಮ್ಮ ಮಕ್ಕಳು ಅವು ಸರ್ವಸಮ ಎಂದು ಬರೆದಿದ್ದರು. ಸರ್ವಸಮ ಎಂದರೆ ಆಕಾರ, ಅಳತೆ ಎಲ್ಲ ಒಂದೇ, ಒಂದರ ಮೇಲೊಂದು ಇಟ್ಟರೆ ಕೂರುತ್ತವೆ ಎಂದರ್ಥ. ಇವು ಕೂರುವುದಿಲ್ಲ. ಒಬ್ಬಿಬ್ಬರು ಹಾಗೆ ಬರೆದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಇಡೀ ತರಗತಿ ಒಬ್ಬರೂ ಬಿಡದೆ, ಅದೇ ಸಾಲಿನಲ್ಲಿ, ಅದೇ ಮಾತಿನಲ್ಲಿ ಬರೆದಿತ್ತು.

ನಾನು ಒಬ್ಬ ಹುಡುಗನನ್ನು ಕರೆದು ಪ್ರಮೇಯ ಹೇಳಿಸಿದೆ. ಧಾಟಿಯಲ್ಲಿ ಶುರು ಮಾಡಿದ. "ಒಂದೇ ಪಾದ, ಸಮಾಂತರ ರೇಖೆಗಳ ನಡುವೆ, ಆದ್ದರಿಂದ ಸರ್ವಸಮ" ಎನ್ನುವ ಹೊತ್ತಿಗೆ ತಪ್ಪಿನ ಬೇರು ಎಲ್ಲಿದೆ ಎಂದು ನನಗೆ ತಿಳಿದುಹೋಯಿತು. ಗೈಡ್‌ನಿಂದ ಬಾಯಿಗೆ ಬರುವ ದಾರಿಯಲ್ಲಿ ರಂಗಪ್ಪ ಸಾರ್ ಒಂದು ಪದ ಜಾರಿಸಿದ್ದರು. ಆದರೆ ಯಾರೂ ಕೇಳದೆ, ತಮ್ಮದಲ್ಲದ ವಿಷಯವನ್ನು ಮಕ್ಕಳಿಗಾಗಿ ಹೊತ್ತ ಮನುಷ್ಯನಿಗೆ ಇದನ್ನು ಹೇಗೆ ಹೇಳುವುದು? ಇವತ್ತು, ನಾಳೆ ಎಂದು ಮುಂದೂಡಿದೆ.

ಹೇಳದೆ ಇದ್ದರೆ ಆಗುವುದೇನು ಎಂದೂ ಗೊತ್ತಿತ್ತು. ನಕಲು ಎಂದು ವರದಿ ಹೋದರೆ ನಮ್ಮೂರಿನ ಪರೀಕ್ಷಾ ಕೇಂದ್ರ ರದ್ದು. ಮಕ್ಕಳು ಹತ್ತನೇ ತರಗತಿಯ ಪಬ್ಲಿಕ್ ಪರೀಕ್ಷೆಯನ್ನು ಶಿರಾಕ್ಕೆ ಹೋಗಿ ಬರೆಯಬೇಕು. ಶಿರಾ ಏನು ಮಹಾ ದೂರ ಎಂದು ಬಸ್ಸಿರುವ ಊರಿನವರು ಕೇಳಬಹುದು. ನಮ್ಮ ಕಡೆ ಬೆಳಗಿನ ಬಸ್ಸು ಪರೀಕ್ಷೆ ಶುರುವಾದ ಮೇಲೆ ಬರುತ್ತಿತ್ತು. ಅಂದರೆ ಹೆಣ್ಣುಮಕ್ಕಳು ಪಟ್ಟಣದಲ್ಲಿ ಉಳಿಯಬೇಕು. ಹಟ್ಟಿಯವರು ಒಪ್ಪುವ ಮಾತೇ ಅಲ್ಲ. ಕರಿಯಮ್ಮನ ಅಪ್ಪ ಶಾಲೆಯ ಗೇಟಿನ ಹತ್ತಿರ ನಿಂತು ನನ್ನ ಮುಖಕ್ಕೇ ಹೇಳಿದ. "ಇಲ್ಲೇ ನಡುದ್ರೆ ಬರೀತಾಳೆ ಮೇಡಮ್ಮೋರೆ. ಸಿರಾಕ್ಕೆ ಅಂದ್ರೆ ಬ್ಯಾಡ. ಇಷ್ಟು ಓದಿದ್ದು ಸಾಕು." ಅವನ ಹಿಂದೆ 'ಸಾಕು' ಎನ್ನಲು ಇನ್ನೂ ನಾಲ್ಕಾರು ಅಪ್ಪಂದಿರು ನಿಂತಿದ್ದರು.

ಅಧಿಕಾರಿ ಬಂದರು. ಗದರುವ ಆಸಾಮಿ ಅಲ್ಲ. ಇಂಥ ದೂರುಗಳನ್ನು ನೋಡಿ ನೋಡಿ ಬೇಸತ್ತ ಮುಖ. ತರಗತಿಯಲ್ಲಿ ಎಲ್ಲರನ್ನೂ ಕೂರಿಸಿ, ಉತ್ತರಪತ್ರಿಕೆಗಳ ಕಟ್ಟು ಮೇಜಿನ ಮೇಲಿಟ್ಟು, ಆ ಸಾಲನ್ನು ಗಟ್ಟಿಯಾಗಿ ಓದಿದರು. ಪಕ್ಕದಲ್ಲಿ ಕೂತಿದ್ದ ರಂಗಪ್ಪ ಸಾರ್ ನನ್ನ ಕಡೆ ವಾಲಿ, "ಇದ್ರಾಗೇನಮ್ಮ ತಪ್ಪು? ಸರಿಯಾಗೇ ಅದೆಯಲ್ಲ" ಎಂದು ಪಿಸುಗುಟ್ಟಿದರು. ನಾನು ನೆಲ ನೋಡಿದೆ. ಅವರು ನನ್ನ ಮುಖವನ್ನೇ ನೋಡುತ್ತ ಉಳಿದರು. ಮೆಲ್ಲಗೆ ಅವರ ಬಣ್ಣ ಇಳಿಯಿತು.

"ಯಾರು ಯಾರನ್ನು ನೋಡಿ ಬರೆದಿರಿ?" ಎಂದರು ಅಧಿಕಾರಿ. ಮಕ್ಕಳು ಇಲ್ಲವೆಂದು ತಲೆಯಾಡಿಸಿದರು. "ಹಾಗಾದರೆ ಒಂದೇ ತಪ್ಪು ಎಲ್ಲರ ಕನಸಿನಲ್ಲೂ ಬಂತಾ?"

ಮೂರನೆಯ ಬೆಂಚಿನಲ್ಲಿ ಕರಿಯಮ್ಮ ಎದ್ದಳು. ಮುಖದ ಮೇಲಿನ ಹಕ್ಕಳೆಗಳು ಇನ್ನೂ ಉದುರಿರಲಿಲ್ಲ.

"ಸಾ, ನಾವು ನಕಲು ಹೊಡ್ದಿದೀವಿ ಅಂತ್ಲೇ ಅಂದ್ಕಳಾಣ."

"ಲೇ, ಕೂತ್ಕಳೇ!" ಎಂದರು ರಂಗಪ್ಪ ಸಾರ್.

"ಇರಿ ಸಾ. ಅಂದ್ಕಳಾಣ ಅಂದೆ, ಹೊಡ್ದಿದೀವಿ ಅನ್ನಲಿಲ್ಲ." ಅವಳು ಮತ್ತೆ ಅಧಿಕಾರಿಯ ಕಡೆ ತಿರುಗಿದಳು. "ನಂದ್ರಾಗೂ ಅದೇ ತಪ್ಪದೆ. ಅಂಗಾದ್ರೆ ನಾನೂ ಯಾರ್ನೋ ನೋಡಿ ಬರ್ದಿರ್ಬೇಕು. ಯಾರ್ನ ನೋಡಿದೆ? ನಂಗೆ ಅಮ್ಮ ಆಗಿತ್ತು. ಆಟದ್ ಸಾಮಾನಿನ ರೂಮ್ನಾಗೆ ಒಬ್ಳೇ ಕೂತಿದ್ದೆ."

ಅಧಿಕಾರಿ ನಮ್ಮ ಕಡೆ ನೋಡಿದರು. ಹೌದು ಎಂದು ತಲೆಯಾಡಿಸಿದೆ. ಇಷ್ಟು ದಿನ ತಲೆ ಕೆಡಿಸಿಕೊಂಡ ನಮಗೆ ಯಾರಿಗೂ ಇದು ಹೊಳೆದಿರಲಿಲ್ಲ. ಭಯ ಬಿದ್ದವರಿಗೆ ಎದುರಿಗಿರುವುದೂ ಕಾಣುವುದಿಲ್ಲ.

"ಯಾರಾದರೂ ಚೀಟಿ ತಂದು ಕೊಟ್ಟಿರಬಹುದಲ್ಲ?"

"ಅಮ್ಮ ಆದೋರ್ ತಾವಕ್ಕೆ ಯಾರ್ ಬತ್ತಾರೆ ಸಾ? ಪ್ರಶ್ನೆಪತ್ರಿಕೆನೇ ವಸ್ಲು ಮ್ಯಾಲಿಟ್ಟು ಓಡೋದ್ರು."

ಮಕ್ಕಳು ನಕ್ಕರು. ಕನ್ನಡ ಮೇಷ್ಟ್ರು ಮಾಡಿನ ತೊಲೆ ಎಣಿಸತೊಡಗಿದರು.

"ಸರಿ, ಪುಸ್ತಕವನ್ನೇ ಒಳಗೆ ಇಟ್ಟುಕೊಂಡಿದ್ದರೆ?"

ಇದನ್ನು ಅವಳು ಯೋಚಿಸಿರಲಿಲ್ಲ. ಹಕ್ಕಳೆ ಕೆರೆದುಕೊಳ್ಳುತ್ತ ನಿಂತಳು. ನಾನು ಬಾಯಿ ತೆರೆದರೆ ಕೆಟ್ಟೆ ಎಂದು ತುಟಿ ಕಚ್ಚಿ ಹಿಡಿದೆ.

"ಪುಸ್ತಕದಾಗೆ ಸರಿಯಾಗದಾ ಸಾ?" ಎಂದು ಕೇಳಿದಳು.

"ಸರಿಯಾಗೇ ಇದೆ."

"ಅಂಗಿದ್ರೆ ಪುಸ್ತಕ ನೋಡ್ಕಂಡು ಬರೆಯೋಳು ತಪ್ಪ್ಯಾಕೆ ಬರೀತೀನಿ?"

ನನ್ನ ಕಣ್ಣು ತುಂಬಿಬಂತು, ಸುಳ್ಳೇಕೆ ಹೇಳಲಿ. ಸಾಧನೆ ಎಂಬ ಪದ ನಾನು ಎಷ್ಟು ಸಾವಿರ ಸಲ ಬೋರ್ಡಿನ ಮೇಲೆ ಬರೆದಿದ್ದೆನೋ! ತನ್ನ ಪಾಲಿಗೆ ಬೇಕೇಬೇಕಾದ ಒಂದು ಮಾತನ್ನು, ದಾರಿ ದಾರಿಗೂ ಬೇಲಿ ಹಾಕುತ್ತ, ಒಂದು ಮಗು ಸಾಧಿಸಿದ್ದನ್ನು ಕಣ್ಣಾರೆ ಕಂಡದ್ದು ಅವತ್ತೇ.

ಅಧಿಕಾರಿಯ ಮುಖದಲ್ಲಿ ಮೊದಲ ಸಲ ನಗು ಕಾಣಿಸಿತು. "ನೀನು ಮಾಡಿಲ್ಲ, ಒಪ್ಪಿದೆ. ಉಳಿದವರು?"

"ನನ್ ತಪ್ಪು ಎಲ್ಲಿಂದ ಬಂತೋ ಅವ್ರದೂ ಅಲ್ಲಿಂದ್ಲೇ ಬಂತು ಸಾ."

"ಎಲ್ಲಿಂದ ಬಂತು?"

ಕರಿಯಮ್ಮ ಬಾಯಿ ತೆರೆದವಳು ಹಾಗೇ ಮುಚ್ಚಿದಳು. ಉತ್ತರ ಅವಳಿಗೆ ಗೊತ್ತಿತ್ತು. ಇಡೀ ತರಗತಿಗೆ ಗೊತ್ತಿತ್ತು. ಒಬ್ಬರೂ ಹೊಂಗೆಮರದ ಕಡೆ ನೋಡಲಿಲ್ಲ, ರಂಗಪ್ಪ ಸಾರ್ ಕಡೆಯೂ ನೋಡಲಿಲ್ಲ. ಎಲ್ಲರ ಕಣ್ಣು ಬೆಂಚಿನ ಮೇಲೆ. ಅವಳು ಮೆಲ್ಲಗೆ ಕೂತುಬಿಟ್ಟಳು. ಅಷ್ಟು ಹೊತ್ತು ವಕೀಲರ ಹಾಗೆ ವಾದ ಮಾಡಿದವಳು, ಗೆಲ್ಲಲು ಒಂದು ಹೆಸರು ಸಾಕಿದ್ದಾಗ, ಸುಮ್ಮನಾದಳು.

ರಂಗಪ್ಪ ಸಾರ್ ಕುರ್ಚಿಯಿಂದ ಎದ್ದರು. ಶರಟು ಸರಿಮಾಡಿಕೊಂಡರು. ಮರದ ಕೆಳಗೆ ಹೇಳುತ್ತಿದ್ದ ಅದೇ ಧಾಟಿಯಲ್ಲಿ, ದತ್ತದಿಂದ ಹಿಡಿದು, ಪ್ರಮೇಯವನ್ನು ಹೇಳುತ್ತ ಹೋದರು. "ಆದ್ದರಿಂದ ಸರ್ವಸಮ" ಎಂಬಲ್ಲಿಗೆ ಬಂದು ನಿಲ್ಲಿಸಿದರು.

"ನನ್ನಿಂದ ಬಂತು ಸಾರ್. ನಾನೇ ಹೇಳ್ಕೊಟ್ಟಿದ್ದು. ಮಕ್ಳು ಒಂದಕ್ಷರ ಆಚೀಚೆ ಮಾಡಿಲ್ಲ."

ಆ ಕೊನೆಯ ಮಾತಿನಲ್ಲಿ ನಾಚಿಕೆಯ ಜೊತೆ ಒಂದು ಚೂರು ಹೆಮ್ಮೆಯೂ ಇತ್ತು. ಅಧಿಕಾರಿ ಉತ್ತರಪತ್ರಿಕೆಗಳ ಕಟ್ಟಿಗೆ ದಾರ ಸುತ್ತುತ್ತ, "ನಕಲು ಅಲ್ಲ ಅಂತ ಬರೆದು ಕಳಿಸ್ತೀನಿ. ಕೇಂದ್ರ ಇಲ್ಲೇ ಇರುತ್ತೆ" ಎಂದರು. ಹುಡುಗರು ಕೂಗಿದ ಕೂಗಿಗೆ ಸೂರಿನ ಗುಬ್ಬಿಗಳೆಲ್ಲ ಎದ್ದು ಹಾರಿದವು.

ರಂಗಪ್ಪ ಸಾರ್ ಕುರ್ಚಿಗೆ ವಾಪಸ್ ಹೋಗಲಿಲ್ಲ. ಮುಂದಿನ ಬೆಂಚಿನ ಹುಡುಗನನ್ನು ಸರಿಯಲು ಹೇಳಿ ಅವನ ಪಕ್ಕ ಕೂತರು.

"ಕರಿಯಮ್ಮ, ಎಲ್ಲಾನೂ ಹೇಳ್ದೆ. ಅದ್ಯಾಕೆ ತಪ್ಪು ಅಂತ ಮಾತ್ರ ಹೇಳ್ಲಿಲ್ಲ. ನಂಗೂ ಗೊತ್ತಾಗ್ಲಿಲ್ಲ ಕಣವ್ವ."

ಅವಳು ನನ್ನ ಕಡೆ ನೋಡಿದಳು. ನಾನು ಸೀಮೆಸುಣ್ಣ ಚಾಚಿದೆ. ಬೋರ್ಡಿನ ಹತ್ತಿರ ಬಂದು ಚಿತ್ರ ಬರೆದಳು. ಒಂದೇ ಪಾದದ ಮೇಲೆ ಎರಡು ತ್ರಿಭುಜ, ಒಂದು ನೆಟ್ಟಗೆ, ಒಂದು ಪಕ್ಕಕ್ಕೆ ವಾಲಿದ್ದು. ಪಾದ ಒಂದೇ, ಎತ್ತರ ಒಂದೇ ಎಂದು ಬೆರಳಿನಲ್ಲಿ ಅಳೆದು ನೋಡಿಕೊಂಡಳು.

"ಸಾ, ನಮ್ ರೊಪ್ಪದಾಗೆ ಎಲ್ಡು ಕುರಿ ಒಂದೇ ತೂಕ ಬತ್ತವೆ ಅಂದ್ಕಳಿ. ಒಂದು ಕುಳ್ಳು, ಒಂದು ಉದ್ದ. ತೂಕ ಒಂದೇ ಅಂತ ಇದ್ರ ಚರ್ಮ ಅದ್ಕೆ ಹೊದ್ಸಿದ್ರೆ ಕೂರ್ತದಾ? ಇವೂ ಅಂಗೇಯ. ವಿಸ್ತೀರ್ಣ ಒಂದೇ, ಆಕಾರ ಬ್ಯಾರೆ."

ರಂಗಪ್ಪ ಸಾರ್ ಬೋರ್ಡನ್ನೇ ನೋಡುತ್ತ ಕೂತಿದ್ದರು. ಆಮೇಲೆ ಪಕ್ಕದ ಹುಡುಗನಿಂದ ಒಂದು ಹಾಳೆ, ಪೆನ್ನು ಇಸಿದುಕೊಂಡರು.

"ಇನ್ನೊಂದ್ಸಲ ಹೇಳವ್ವ, ನಿಧಾನಕ್ಕೆ. ಬರ್ಕತೀನಿ" ಎಂದರು.